ನಿಮಗಿದು ಗೊತ್ತೇ? ಗಾಳಿಗೆ ತಕ್ಕ ಹಾಯಿ

ಆಷಾಢ ಬಂತೆಂದರೆ ನಮ್ಮ ಅನ್ನಪೂರ್ಣೇಶ್ವರಿ ನಗರದ ತಾರಸಿಗಳಲ್ಲಿ ಬಟ್ಟೆಗೆ ಎಷ್ಟು ಕ್ಲಿಪ್ ಹಾಕಿದರೂ ಸಾಲದು. ಮೊನ್ನೆ ನಮ್ಮ ತಾರಸಿಯಲ್ಲಿ ಅರೆ ಒಣಗಿದ ಬೆಡ್‌ಶೀಟು ಪಡುವಣ ಗಾಳಿ ತುಂಬಿಕೊಂಡು ಹೊಟ್ಟೆ ಉಬ್ಬಿಸಿತು. ನೈಲಾನ್ ಹಗ್ಗ ಬಿಲ್ಲಿನ ಹಾಗೆ ಬಾಗಿತು, ಎರಡು ಕ್ಲಿಪ್ ಸಿಡಿದು ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಬಿದ್ದವು. ಅಮ್ಮ ಓಡಿಬಂದು ಶೀಟನ್ನು ಎರಡು ಮಡಿಕೆ ಮಾಡಿ ಹಾಕಿದರು, ಹಗ್ಗ ನೆಟ್ಟಗಾಯಿತು. ಸಮುದ್ರದಲ್ಲಿ ಹಾಯಿದೋಣಿಯವರು ಮಾಡುವುದೂ ಇದನ್ನೇ!

ಗಾಳಿಯ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಗಂಟೆಗೆ 20 ಕಿ.ಮೀ. ಗಾಳಿ ಎದುರಿಗೆ ಹಿಡಿದ ಒಂದು ಚದರ ಮೀಟರ್ ಬಟ್ಟೆಯನ್ನು ಸುಮಾರು 2 ಕಿಲೋ ಭಾರದಷ್ಟು ಒತ್ತಿದರೆ, 40 ಕಿ.ಮೀ. ಗಾಳಿ ಸುಮಾರು 8 ಕಿಲೋದಷ್ಟು ಒತ್ತುತ್ತದೆ. ಅದಕ್ಕೇ ಗಾಳಿ ಏರಿದಂತೆ ಹಾಯಿ ಕಿರಿದಾಗಬೇಕು. ಮುಖ್ಯ ಹಾಯಿಯ ಕೆಳಭಾಗವನ್ನು ಮಡಿಸಿ ಕಟ್ಟುವುದಕ್ಕೆ 'ರೀಫ್ ಹಾಕುವುದು' ಎನ್ನುತ್ತಾರೆ. ರೀಫ್ ಹಾಕಬೇಕೇನೋ ಎಂದು ಮನಸ್ಸಿಗೆ ಬಂದೊಡನೆ ಹಾಕಿಬಿಡಬೇಕು ಎಂಬುದು ನಾವಿಕರ ಅನುಭವದ ಮಾತು. ತಡಮಾಡಿದರೆ ವಾಲಿದ ದೋಣಿಯಲ್ಲಿ ನಿಂತು ಆ ಕೆಲಸ ಮಾಡಬೇಕಾಗುತ್ತದೆ.

ತಾರಸಿಯ ಬಟ್ಟೆಗೂ ಹಾಯಿಗೂ ಮಾತಿನಲ್ಲೂ ನಂಟಿದೆ: ಕನ್ನಡದಲ್ಲಿ 'ಪಟ' ಎಂದರೆ ಬಟ್ಟೆಯೂ ಹೌದು, ಹಾಯಿಯೂ ಹೌದು, ಮಕ್ಕಳು ಹಾರಿಸುವ ಗಾಳಿಪಟವೂ ಹೌದು.

ಗಾಳಿಯ ವೇಗದಂತೆ ಅದರ ದಿಕ್ಕೂ ಮುಖ್ಯ. ಯಾವ ಹಾಯಿದೋಣಿಯೂ ನೇರ ಎದುರುಗಾಳಿಗೆ ಸಾಗಲಾರದು. ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಘಾಟಿ ರಸ್ತೆಯಂತೆ ತಿರುಗುತ್ತ ಹೋಗಬೇಕು. ಆಗ ಬೇಕಾದದ್ದು ಬಿಗಿದು ಚಪ್ಪಟೆ ಮಾಡಿದ ಹಾಯಿ, ಅದು ವಿಮಾನದ ರೆಕ್ಕೆಯಂತೆ ಕೆಲಸ ಮಾಡುತ್ತದೆ. ಹದವಾದ ಗಾಳಿ ಬೆನ್ನಿಗಿದ್ದರೆ ತೆಳು ನೈಲಾನಿನ, ಬಲೂನಿನಂತೆ ಉಬ್ಬುವ 'ಸ್ಪಿನ್ನೇಕರ್' ಹಾಯಿ ಬೇಕು.

ಬೆನ್ನಿಗಿರುವ ಗಾಳಿ ಮೋಸ ಮಾಡುತ್ತದೆ! 35 ಕಿ.ಮೀ. ಗಾಳಿಯ ಜೊತೆ ದೋಣಿಯೂ 15 ಕಿ.ಮೀ. ವೇಗದಲ್ಲಿ ಓಡುತ್ತಿದ್ದರೆ ಮೈಗೆ ತಾಕುವುದು 20 ಮಾತ್ರ. ಎಲ್ಲ ಹಾಯಿಯನ್ನೂ ಬಿಚ್ಚಿಕೊಂಡು ಹಾಯಾಗಿ ಕೂತವರು ಗಾಳಿಯ ಕಡೆಗೆ ತಿರುಗಿದ ಕೂಡಲೇ ಅದು 40 ದಾಟುತ್ತದೆ. ಹೊಸಬರು ಎಡವುವುದು ಇಲ್ಲೇ.

ಗಾಳಿಯನ್ನು 0ಯಿಂದ 12ರವರೆಗೆ ಅಳೆಯುವ ಬ್ಯೂಫೋರ್ಟ್ ಮಾಪಕ ಹುಟ್ಟಿದ್ದು ಹಾಯಿಯ ಲೆಕ್ಕದಿಂದ. ಯುದ್ಧನೌಕೆ ಎಷ್ಟು ಹಾಯಿ ಹೊರಬಲ್ಲದು ಎಂಬುದೇ ಆಗ ಅಳತೆಗೋಲಾಗಿತ್ತು. 12 ಎಂದರೆ ಯಾವ ಹಾಯಿಯೂ ತಾಳದ ಗಾಳಿ ಎಂದರ್ಥವಿತ್ತು.

ಹಾಯಿಯ ಲೆಕ್ಕ ಇಂದಿಗೂ ಮುಗಿದಿಲ್ಲ. 2024ರ ಅಕ್ಟೋಬರ್ 2ರಂದು ಗೋವಾದಿಂದ ಹೊರಟ ನಮ್ಮ ನೌಕಾಪಡೆಯ ದಿಲ್ನಾ ಕೆ. ಮತ್ತು ರೂಪಾ ಎ. 'ತಾರಿಣಿ' ಹಾಯಿದೋಣಿಯಲ್ಲಿ ಭೂಮಿ ಸುತ್ತಿ 2025ರ ಮೇ 29ಕ್ಕೆ ಮರಳಿದರು. ಇಡೀ ದೋಣಿಗೆ ಅವರಿಬ್ಬರೇ. ತಾರಿಣಿಯಲ್ಲಿ ಮುಖ್ಯ ಹಾಯಿಯಲ್ಲದೆ ಬೆನ್ನಿಗಿರುವ ಗಾಳಿಗೆ ಬೇರೆ ಹಾಯಿಯಿದೆ, ಬಿರುಗಾಳಿಗೆ ಬೇರೆಯಿದೆ. ಬಿರುಗಾಳಿಯ ಹಾಯಿ ಎಲ್ಲಕ್ಕಿಂತ ಚಿಕ್ಕದು, ಅದರ ಬಟ್ಟೆ ದಪ್ಪ. ದಕ್ಷಿಣ ಸಾಗರದ ರಾತ್ರಿಗಳಲ್ಲಿ ಇಬ್ಬರೇ ಹೆಣ್ಣುಮಕ್ಕಳು ಹಾಯಿ ಇಳಿಸುತ್ತ ಏರಿಸುತ್ತ ಸಾಗಿದ್ದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ನಮ್ಮ ಕಾರವಾರದ ನೌಕಾನೆಲೆಯಲ್ಲಿ 2025ರ ಮೇ 21ರಂದು ನೌಕಾಪಡೆ ಸೇರಿದ 'ಕೌಂಡಿನ್ಯ' ಹಾಯಿಹಡಗಿಗೆ ಎಂಜಿನ್ನೇ ಇಲ್ಲ. 5ನೇ ಶತಮಾನದ ಅಜಂತಾ ಚಿತ್ರವೊಂದನ್ನು ನೋಡಿ ಕಟ್ಟಿದ್ದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ. ಅದರ ಹಾಯಿಗಳ ಮೇಲೆ ಸೂರ್ಯನ ಜೊತೆಗೆ ಗಂಡಭೇರುಂಡವಿದೆ, ನಮ್ಮ ರಾಜ್ಯ ಲಾಂಛನದಲ್ಲಿರುವ ಅದೇ ಪಕ್ಷಿ!

ಕೌಂಡಿನ್ಯದ್ದು ಚೌಕ ಹಾಯಿ. ಗಾಳಿ ಹಿಂದಿನಿಂದಲೋ ಪಕ್ಕದಿಂದಲೋ ಬಂದರೆ ಸೊಗಸಾಗಿ ಓಡುತ್ತದೆ, ಎದುರಾದರೆ ಹೆಣಗುತ್ತದೆ. ಅದು ಪೋರಬಂದರಿನಿಂದ ಮಸ್ಕತ್ತಿಗೆ ಹೊರಟದ್ದು 2025ರ ಡಿಸೆಂಬರ್ 29ರಂದು, ಈಶಾನ್ಯದ ಗಾಳಿ ಬೀಸುವ ಕಾಲದಲ್ಲಿ. ಇಂಥ ಹಡಗಿನ ಹಳೆಯ ನಾವಿಕರು ಗಾಳಿಗೆ ತಕ್ಕ ಹಾಯಿ ಆರಿಸುವುದಕ್ಕೂ ಮೊದಲು ಹಾಯಿಗೆ ತಕ್ಕ ತಿಂಗಳು ಆರಿಸುತ್ತಿದ್ದರು. ಕರಾವಳಿಯಲ್ಲಿ ಆ ಲೆಕ್ಕ ಇನ್ನೂ ಉಳಿದಿದೆ. ಮುಂಗಾರಿನ ಅಬ್ಬರ ಇಳಿದು ಶ್ರಾವಣದ ನೂಲ ಹುಣ್ಣಿಮೆ ಬಂದಾಗ ಮೊಗವೀರ ಮೀನುಗಾರರು ಕಡಲಿಗೆ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ.