ಲಸಿಕೆಯ ಸುಳ್ಳು: ಅಪರಾಧ ಎಲ್ಲಿಂದ ಶುರು?

"ಈ ಲಸಿಕೆ ಹಾಕಿಸಿದ್ರೆ ಮಕ್ಕಳಾಗಲ್ಲ." ಆದೋನಿಯ ಒಂದು ವಾಟ್ಸಾಪ್ ಗುಂಪಿಗೆ ಇಂಥ ಸುಳ್ಳು ಬಂತು ಅಂದುಕೊಳ್ಳಿ. ಫಾರ್ವರ್ಡ್ ಮಾಡಿದವರೆಲ್ಲ ಜೈಲಿಗಾ?

ಇಂಥದ್ದೇ ಪ್ರಶ್ನೆ ನಮ್ಮ ಕರ್ನೂಲಲ್ಲೇ ಎದ್ದಿತ್ತು. 2021ರ ಮೇ ತಿಂಗಳು. ಕರ್ನೂಲಿನಲ್ಲಿ ಕಂಡ ಎನ್440ಕೆ ಕೊರೊನಾ ತಳಿ ಬಲು ಅಪಾಯಕಾರಿ ಅಂದರು ಆಗಿನ ವಿರೋಧ ಪಕ್ಷದ ನಾಯಕ ಚಂದ್ರಬಾಬು ನಾಯ್ಡು. ವಕೀಲರೊಬ್ಬರ ದೂರಿನ ಮೇಲೆ ಕರ್ನೂಲು ಒನ್ ಟೌನ್ ಠಾಣೆಯಲ್ಲಿ ಕೇಸಾಯ್ತು. ಆ ತಳಿ ಕ್ಷೀಣಿಸ್ತಿದೆ ಅಂತ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸ್ಪಷ್ಟವಾಗಿ ಹೇಳಿದ್ದರು. ನನ್ನ ಪ್ರಕಾರ ಅಂಥ ಮಾತಿಗೆ ಕೇಸಲ್ಲ, ವಿಜ್ಞಾನಿಗಳ ಆ ವಿವರಣೆಯೇ ಸರಿಯಾದ ಉತ್ತರ.

ಕಾನೂನು ಏನನ್ನುತ್ತೆ? ಆಗ ಐಪಿಸಿ 505, ಈಗ ಭಾರತೀಯ ನ್ಯಾಯ ಸಂಹಿತೆಯ 353. ಜನರಲ್ಲಿ ಭಯ ಹುಟ್ಟಿಸೋ ಉದ್ದೇಶದ ಸುಳ್ಳಿಗೆ 3 ವರ್ಷದವರೆಗೆ ಜೈಲು. ಆದರೆ ನಿಜ ಅಂತ ನಂಬೋಕೆ ಸಕಾರಣ ಇದ್ದು, ಸದುದ್ದೇಶದಿಂದ ಹೇಳಿದ್ದರೆ ಅಪರಾಧ ಅಲ್ಲ. ಇದೂ ಅದೇ ಸೆಕ್ಷನ್ನಿನಲ್ಲೇ ಇದೆ.

ಆಶಾ ಕಾರ್ಯಕರ್ತೆಯನ್ನ "ಅಕ್ಕಾ, ಮಗೂಗೆ ಜ್ವರ ಬರುತ್ತಾ?" ಅಂತ ಕೇಳೋ ತಾಯಿ ಹೆದರಬೇಕಿಲ್ಲ. ಸುಳ್ಳು ಅಂತ ಗೊತ್ತಿದ್ದೂ ಹಬ್ಬಿಸಿ, ತಮ್ಮ ಔಷಧಿ ಮಾರೋರನ್ನ ಹಿಡೀಬೇಕು.

ಕಷ್ಟ ಹೇಳಿಕೊಳ್ಳೋರನ್ನೂ ಬೆದರಿಸುವಂತಿಲ್ಲ. 2021ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು: ಸಾಮಾಜಿಕ ಜಾಲತಾಣದಲ್ಲಿ ಕಷ್ಟ ಹೇಳಿಕೊಂಡವರ ಬಾಯಿ ಮುಚ್ಚಿಸಿದರೆ, ಅದು ನ್ಯಾಯಾಂಗ ನಿಂದನೆ.