ಗರ್ಭಧಾರಣೆ ಮತ್ತು ತಾಯಿಯ ರಕ್ಷಣಾ ಕೋಶಗಳು

ಗರ್ಭದಲ್ಲಿರುವ ಶಿಶುವಿನ ವಂಶವಾಹಿಗಳಲ್ಲಿ ಅರ್ಧದಷ್ಟು ತಂದೆಯಿಂದ ಬಂದವು. ಆ ಮಟ್ಟಿಗೆ ಅದು ತಾಯಿಯ ಶರೀರಕ್ಕೆ ಪರಕೀಯ. ಒಬ್ಬರ ಚರ್ಮವನ್ನು ಮತ್ತೊಬ್ಬರಿಗೆ ಕಸಿ ಮಾಡಿದರೆ ಶರೀರವು ಅದನ್ನು ಬೇಗನೆ ತಿರಸ್ಕರಿಸುತ್ತದೆ; ಶಿಶುವನ್ನಾದರೋ ಒಂಬತ್ತು ತಿಂಗಳು ಪೋಷಿಸುತ್ತದೆ. ಇದು ಹೇಗೆ ಸಾಧ್ಯವೆಂಬ ಪ್ರಶ್ನೆಯನ್ನು ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡಾವರ್ 1953ರಲ್ಲಿ ಮುಂದಿಟ್ಟರು. ಗರ್ಭಿಣಿಯ ರೋಗನಿರೋಧಕ ಶಕ್ತಿಯೇ ಕುಗ್ಗಿಹೋಗುತ್ತದೆಂದು ಬಹುಕಾಲ ನಂಬಲಾಗಿತ್ತು. ಈ ನಂಬಿಕೆ ಸರಿಯಲ್ಲ. ಆ ಶಕ್ತಿಯು ತನ್ನ ಕಾರ್ಯವಿಧಾನವನ್ನು ಬದಲಿಸಿಕೊಳ್ಳುತ್ತದೆ. ಈ ಬದಲಾವಣೆಯಲ್ಲಿ ಜೀವಕೋಶಗಳಿಗೆ ದೊರೆಯುವ ಆಹಾರದ ಪಾತ್ರವೂ ಉಂಟು.

ಬಿಳಿಯ ರಕ್ತಕಣಗಳಲ್ಲಿ ಟಿ-ಕೋಶಗಳೆಂಬ ವರ್ಗವೊಂದಿದೆ. ವಿಶ್ರಾಂತಿಯಲ್ಲಿರುವಾಗ ಇವು ಆಮ್ಲಜನಕದ ನೆರವಿನಿಂದ ಮಿತವಾಗಿ ಇಂಧನವನ್ನು ದಹಿಸಿ ಶಕ್ತಿ ಪಡೆಯುತ್ತವೆ. ರೋಗಾಣುವನ್ನು ಗುರುತಿಸಿದೊಡನೆ ಸಕ್ಕರೆಯನ್ನು ಅತಿ ವೇಗದಲ್ಲಿ ಒಡೆಯುತ್ತ, ಸಂಖ್ಯೆಯಲ್ಲಿ ವೃದ್ಧಿಯಾಗಿ ದಾಳಿಗಿಳಿಯುತ್ತವೆ. ಇದೇ ವರ್ಗದಲ್ಲಿ ದಾಳಿಯನ್ನು ಹತೋಟಿಯಲ್ಲಿಡುವ ನಿಯಂತ್ರಕ ಕೋಶಗಳೂ ಇವೆ. ಇವು ಸಕ್ಕರೆಗಿಂತ ಕೊಬ್ಬಿನ ಅಂಶವನ್ನು ಹೆಚ್ಚಾಗಿ ಅವಲಂಬಿಸುತ್ತವೆ. ಗರ್ಭ ನಿಂತ ಬಳಿಕ, ವಿಶೇಷವಾಗಿ ಗರ್ಭಕೋಶದ ಒಳಪದರದಲ್ಲಿ, ನಿಯಂತ್ರಕ ಕೋಶಗಳು ಹೆಚ್ಚುತ್ತವೆ.

ಮಾಸು ಶಿಶುವಿಗೆ ಆಹಾರ ಸಾಗಿಸುವ ಮಾರ್ಗ ಮಾತ್ರವಲ್ಲ. ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲವನ್ನು ಒಡೆಯುವ ಕಿಣ್ವವೊಂದು ಅಲ್ಲಿದೆ. ಈ ಆಮ್ಲವಿಲ್ಲದೆ ಟಿ-ಕೋಶಗಳು ವೃದ್ಧಿಯಾಗಲಾರವು. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ಗರ್ಭ ಧರಿಸಿದ ಇಲಿಗಳಲ್ಲಿ ಈ ಕಿಣ್ವವನ್ನು ಔಷಧದಿಂದ ತಡೆದಾಗ, ಬೇರೆ ತಳಿಯ ತಂದೆಯಿಂದಾದ ಭ್ರೂಣಗಳು ನಾಶವಾದವು. ತಾಯಿಯದೇ ತಳಿಯ ತಂದೆಯಿಂದಾದವು ಉಳಿದವು. ದಾಳಿಕೋರ ಕೋಶಗಳನ್ನು ಆಹಾರ ದೊರೆಯದಂತೆ ಮಾಡಿಯೂ ಸುಮ್ಮನಿರಿಸಬಹುದೆಂದು ಇದರಿಂದ ತಿಳಿಯಿತು. ಮುಂದೆ, ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಇಲಿಗಳೂ ಮರಿ ಹಾಕಿದ್ದರಿಂದ, ಶಿಶುವಿನ ರಕ್ಷಣೆಗೆ ಬೇರೆ ಏರ್ಪಾಡುಗಳೂ ಇವೆಯೆಂಬುದು ಸ್ಪಷ್ಟವಾಯಿತು. ಪ್ರಕೃತಿಯು ಇಂಥ ವಿಷಯದಲ್ಲಿ ಒಂದೇ ಬಾಗಿಲಿಗೆ ಬೀಗ ಹಾಕಿ ಸುಮ್ಮನಾಗುವುದಿಲ್ಲ.

ರುಮಟಾಯಿಡ್ ಸಂಧಿವಾತವುಳ್ಳ ಅನೇಕ ಸ್ತ್ರೀಯರಿಗೆ ಗರ್ಭಾವಸ್ಥೆಯಲ್ಲಿ ನೋವು ಇಳಿದು ಹೆರಿಗೆಯ ನಂತರ ಮರುಕಳಿಸುವುದುಂಟು. ಇದು ಮೇಲಿನ ಹೊಂದಾಣಿಕೆಯ ಫಲವೆಂದು ಭಾವಿಸಲಾಗಿದೆ. ಆದರೆ ಇನ್‌ಫ್ಲುಯೆಂಜಾ, ಮಲೇರಿಯಾದಂತಹ ರೋಗಗಳು ಗರ್ಭಿಣಿಯರನ್ನು ಹೆಚ್ಚು ತೀವ್ರವಾಗಿ ಬಾಧಿಸುತ್ತವೆ. 2009ರ ಹೆಚ್1ಎನ್1 ಪಿಡುಗಿನಲ್ಲಿ ಇದು ಎದ್ದು ಕಂಡಿತು. ಹೃದಯ, ಶ್ವಾಸಕೋಶಗಳ ಮೇಲೆ ಬೀಳುವ ಹೆಚ್ಚಿನ ಹೊರೆಯೂ ಇದಕ್ಕೆ ಕಾರಣ. ಬಸುರಿಯ ಮೈ ಬಿಸಿಯಾಗುವುದು ಸಹಜವೆಂದು ಜ್ವರವನ್ನು ಕಡೆಗಣಿಸದೆ ಕೂಡಲೇ ವೈದ್ಯರಿಗೆ ತೋರಿಸುವುದು ಅಗತ್ಯ.

ರೋಗನಿರೋಧಕ ಶಕ್ತಿ ಎಚ್ಚರವಾಗಿಯೇ ಇರುವುದರಿಂದ ಗರ್ಭಿಣಿಯ ಶರೀರವು ಲಸಿಕೆಗೆ ಸ್ಪಂದಿಸುತ್ತದೆ. ಆಗ ಉತ್ಪತ್ತಿಯಾಗುವ ಪ್ರತಿಕಾಯಗಳು ಮಾಸಿನ ಮೂಲಕ ಶಿಶುವಿಗೂ ತಲಪಿ, ಹುಟ್ಟಿದ ಮೊದಲ ತಿಂಗಳುಗಳಲ್ಲಿ ಕಾಪಾಡುತ್ತವೆ. ಧನುರ್ವಾಯು ಹಾಗೂ ಗಂಟಲಮಾರಿಯ ವಿರುದ್ಧದ ಟಿಡಿ ಚುಚ್ಚುಮದ್ದಿನ ಮೊದಲ ಡೋಸನ್ನು ಗರ್ಭಾವಸ್ಥೆಯ ಆರಂಭದಲ್ಲಿಯೇ, ಎರಡನೆಯದನ್ನು 4 ವಾರಗಳ ತರುವಾಯ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ. 3 ವರ್ಷಗಳೊಳಗಿನ ಹಿಂದಿನ ಬಸಿರಿನಲ್ಲಿ ಎರಡೂ ಡೋಸು ಪಡೆದವರಿಗೆ ಒಂದು ಡೋಸು ಸಾಕು.