ಹೊಳೆಯಾಚೆಯ ಬೆಂಗ್ರೆ

ಮಂಗಳೂರು ಬಂದರಿನ ಧಕ್ಕೆಯಲ್ಲಿ ನಿಂತು ಎದುರು ನೋಡಿ. ಹೊಳೆಯಾಚೆ ತೆಂಗಿನ ಸಾಲು ಕಾಣುತ್ತಲ್ಲ, ಅದೇ ಬೆಂಗ್ರೆ. ಒಂದು ಕಡೆ ಫಲ್ಗುಣಿ ನದಿ, ಇನ್ನೊಂದು ಕಡೆ ಅರಬ್ಬೀ ಸಮುದ್ರ, ನಡುವಿನ ಮರಳಪಟ್ಟಿಯ ಮೇಲೆ ಇಡೀ ಊರು! ತೆಂಕಣ ತುದಿಯ ಅಳಿವೆಬಾಗಿಲಲ್ಲಿ ನೇತ್ರಾವತಿಯೂ ಬಂದು ಕೂಡುತ್ತೆ.

ರಸ್ತೆ ಇದೆ. ಆದ್ರೆ ಕೂಳೂರು, ತಣ್ಣೀರುಬಾವಿ ಅಂತ ದೊಡ್ಡ ಸುತ್ತು. ಅದಕ್ಕೇ ಬೆಂಗ್ರೆಯವರಿಗೆ ದೋಣಿಯೇ ಬಸ್ಸು. ಬೆಳಗ್ಗೆ ಒಮ್ಮೆ ಹತ್ತಿ ನೋಡಿ. ಯೂನಿಫಾರ್ಮ್ ಮಕ್ಕಳು, ಮೀನಿನ ಬುಟ್ಟಿ, ಸಂತೆ ಚೀಲ, ಆಸ್ಪತ್ರೆಗೆ ಹೊರಟ ಅಜ್ಜಿ. ಪಕ್ಕದಲ್ಲಿ ತುಳು, ಹಿಂದಿನ ಹಲಗೆಯಲ್ಲಿ ಬ್ಯಾರಿ ಭಾಷೆ. ಯಾರ ಮನೆಯ ಮದುವೆ, ಯಾವ ಬೋಟಿಗೆ ಬಂಗುಡೆ ಬಿತ್ತು, ಎಲ್ಲ ಸುದ್ದಿ ದಡ ಮುಟ್ಟೋದ್ರೊಳಗೆ ಗೊತ್ತಾಗುತ್ತೆ.

ತೋಟ ಬೆಂಗ್ರೆಯಲ್ಲಿ ಹೆಚ್ಚಾಗಿ ಮೊಗವೀರರು, ಕಸಬಾ ಬೆಂಗ್ರೆಯಲ್ಲಿ ಬ್ಯಾರಿಗಳು. ಇಬ್ಬರ ಅನ್ನವೂ ಕಡಲಿನದೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗ ಊರೇ ಬಲೆ ಹೆಣೆಯುತ್ತೆ. ಹರಿದ ಕಣ್ಣು ಹುಡುಕಿ, ಕಾಲ್ಬೆರಳಿಗೆ ಸಿಕ್ಕಿಸಿ ಎಳೆದು, ಒಂದೊಂದೇ ಗಂಟು.

ಸಂಜೆ ಹುಡುಗರ ಫುಟ್‌ಬಾಲ್. ಬರಿಗಾಲು, ಮರಳು. ಕತ್ತಲಾದ್ರೂ ಆಟ ನಿಲ್ಲಲ್ಲ. ಆಚೆ ದಡದಲ್ಲಿ ಮಂಗಳೂರಿನ ದೀಪ ಹತ್ತಿರುತ್ತೆ.